ಮೋಟರ್‌ಗೆ ‘ಆಟೋ’ ಮಾಡಿಸ್ತೀರಾ? ಟೈಮರ್ ಇಲ್ಲದ ಆಟೋ ಬ್ಯಾಡ್ರಿ

ಜಮಖಂಡಿ: ತ್ರೀ ಫೇಸ್ ಕರೆಂಟ್ ಒಂದು ಪಾಳಿ ಹಗಲು, ಇನ್ನೊಂದು ಪಾಳಿ ರಾತ್ರಿ. ನಡುರಾತ್ರಿ ಬ್ಯಾಟರಿ ಹಿಡ್ಕೊಂಡು ಕಬ್ಬಿನ ಪಡ ದಾಟಿ ಹೊಳಿ ದಂಡಿಗೆ ಹೋಗಿ ಸ್ಟಾರ್ಟರ್ ಒತ್ತೋದು ಯಾರಿಗೂ ಬೇಡಾದ ಕೆಲಸ. ಹಾವಿನ ಭಯ ಒಂದು ಕಡೆ, ಕೃಷ್ಣಾ ದಂಡಿಯಲ್ಲಿ ಮೊಸಳೆ ಭಯ ಇನ್ನೊಂದು ಕಡೆ. ಅದಕ್ಕೇ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದಲ್ಲಿ ಸ್ಟಾರ್ಟರ್ ಡಬ್ಬಿಗೆ ‘ಆಟೋ’ ಮಾಡಿಸಿಕೊಂಡ ರೈತರು ಬಹಳ ಮಂದಿ. ಆಟೋ ಮಾಡಿಸೋದು ತಪ್ಪಲ್ಲ. ಅದನ್ನ ಹೆಂಗ ಮಾಡ್ಸೀವಿ ಅನ್ನೋದರ ಮ್ಯಾಲೆ ಮೋಟರ್ ಉಳಿತದೋ ಸುಡತದೋ ನಿಂತಿದೆ.

ಅಗ್ಗದ ಆಟೋ ಅಂದ್ರೆ ಹಸಿರು ಬಟನ್‌ನ ಎರಡೂ ತುದಿಗೆ ಒಂದು ತುಂಡು ವೈರ್ ಜೋಡಿಸೋದು, ಅಷ್ಟೇ. ಆಮೇಲೆ ಕರೆಂಟ್ ಬಂದ ತಕ್ಷಣ ಕಾಯಿಲ್ ಎಳೀತದೆ, ಮೋಟರ್ ಚಾಲೂ. ತೊಂದರೆ ಏನಂದ್ರೆ, ಸಾಮಾನ್ಯ ಸ್ಟಾರ್ಟರ್‌ನ ಕಾಯಿಲ್ ಎರಡೇ ಫೇಸ್ ಮೇಲೆ ಕೆಲಸ ಮಾಡುತ್ತೆ. ಮೂರನೇ ಫೇಸ್ ಇಲ್ಲದಿದ್ದರೂ ಅದಕ್ಕೆ ಗೊತ್ತಾಗೋದಿಲ್ಲ. ಮೋಟರ್ ತಿರುಗದೆ ‘ಗುಂಯ್’ ಅನ್ನುತ್ತಾ ಆಂಪಿಯರ್ ಎಳೆದು ವೈಂಡಿಂಗ್ ಸುಟ್ಟುಕೊಳ್ಳುತ್ತೆ. ಓವರ್‌ಲೋಡ್ ರಿಲೇ ಕಾಯಬೇಕು ಖರೇ, ಆದರೆ ಪದೇ ಪದೇ ಟ್ರಿಪ್ ಆಗ್ತದ ಅಂತ ಅದರ ಸೆಟ್ಟಿಂಗ್ ನಾವೇ ಮೇಲಕ್ಕೆ ತಿರುವಿ ಇಟ್ಟಿರ್ತೀವಿ. ನಮ್ಮ ಮನೆಯ ಮೋಟರ್ ಸುಟ್ಟದ್ದೂ ಹಿಂಗೇ. ಬೆಳಗ್ಗೆ ಹೋಗಿ ನೋಡಿದಾಗ ಡಬ್ಬಿ ತುಂಬ ಸುಟ್ಟ ವಾಸನೆ.

ಎರಡನೇ ಹೊಡೆತ ಟಿಸಿಗೆ. 7.5 ಎಚ್‌ಪಿ ಮೋಟರ್ ಓಡುವಾಗ ಸುಮಾರು 11ರಿಂದ 14 ಆಂಪಿಯರ್ ತಗೊಳ್ಳುತ್ತೆ. ಆದರೆ ನೇರ ಸ್ಟಾರ್ಟರ್‌ನಲ್ಲಿ ಚಾಲೂ ಆಗೋ ಆ ಗಳಿಗೆಯಲ್ಲಿ ಅದರ ಆರು ಪಟ್ಟು, ಅಂದ್ರೆ 70-80 ಆಂಪಿಯರ್. 63 ಕೆವಿಎ ಟಿಸಿಯ ಪೂರ್ತಿ ತಾಕತ್ತೇ 84 ಆಂಪಿಯರ್. ಈಗ ಒಂದೇ ಟಿಸಿ ಮೇಲಿನ ಐದು ಮೋಟರ್ ಆಟೋದಲ್ಲಿವೆ ಅಂತ ಹಿಡೀರಿ. ಕರೆಂಟ್ ಬಂದ ಆ ಸೆಕೆಂಡಿಗೆ ಐದೂ ಒಮ್ಮೆಲೇ ಎದ್ದರೆ 350 ದಾಟುತ್ತೆ. ವೋಲ್ಟೇಜ್ ಕುಸಿಯುತ್ತೆ, ಕುಸಿದದ್ದಕ್ಕೆ ಮೋಟರ್‌ಗಳು ಎದ್ದೇಳೋಕೆ ಇನ್ನೂ ತಡ ಮಾಡ್ತವೆ, ಫ್ಯೂಸ್ ಹಾರುತ್ತೆ. ಹಾರಿದ ಫ್ಯೂಸ್‌ಗೆ ದಪ್ಪ ತಂತಿ ಕಟ್ಟಿದ್ದರೆ ಟಿಸಿನೇ ಹೋಗುತ್ತೆ. ಮಾರ್ಚ್-ಏಪ್ರಿಲ್‌ನಲ್ಲಿ ಟಿಸಿ ಸುಟ್ಟರೆ ಹೊಸದು ಬರೋ ತನಕ ಕಬ್ಬು ಕಾಯೋದಿಲ್ಲ.

ಇದಕ್ಕೆ ಬೇಕಾದದ್ದು ಆನ್-ಡಿಲೇ ಟೈಮರ್. ಕರೆಂಟ್ ಬಂದು ಇಷ್ಟು ನಿಮಿಷ ಆದ ಮೇಲೆ ಮಾತ್ರ ಕಾಯಿಲ್‌ಗೆ ಬಿಡುತ್ತೆ. ಒಂದೇ ಟಿಸಿಯವರು ಕೂತು ಮಾತಾಡಿಕೊಂಡು ಒಬ್ಬರು ಒಂದು ನಿಮಿಷ, ಇನ್ನೊಬ್ಬರು ಎರಡು, ಮತ್ತೊಬ್ಬರು ಮೂರು ಅಂತ ಇಟ್ಟುಕೊಂಡರೆ ಅರ್ಧ ಜಗಳ ಮುಗೀತು. ಎಲ್ಲರೂ ಎರಡೇ ನಿಮಿಷ ಇಟ್ಟರೆ ಟೈಮರ್ ಹಾಕಿಯೂ ಉಪಯೋಗ ಇಲ್ಲ!

ವೈರಿಂಗ್‌ನ ಸಾಲು ಹಿಂಗಿರಬೇಕು: ಮೊದಲು ಮೂರೂ ಫೇಸ್ ನೋಡೋ ಸಿಂಗಲ್ ಫೇಸ್ ಪ್ರಿವೆಂಟರ್, ಅದು ಸರಿ ಅಂದ ಮೇಲೆ ಟೈಮರ್, ಅದರ ನಂತರ ಡ್ರೈ ರನ್ ರಿಲೇ ಮತ್ತು ಓವರ್‌ಲೋಡ್ ಕಾಂಟ್ಯಾಕ್ಟ್, ಕೊನೆಗೆ ಕಾಯಿಲ್. ಎಲ್ಲವೂ ಒಂದೇ ಸರಣಿಯಲ್ಲಿ. ನಡುವೆ ಯಾವುದೊಂದು ‘ಬೇಡ’ ಅಂದರೂ ಮೋಟರ್ ನಿಲ್ಲಬೇಕು.

ಡ್ರೈ ರನ್ ರಿಲೇ ಬೋರ್ ಇದ್ದವರಿಗೆ ಬಹಳ ಮುಖ್ಯ. ಹೊಳಿಯವರಿಗೂ ಬೇಕು, ಬ್ಯಾಸಗಿಯಲ್ಲಿ ನೀರು ಇಳಿದು ಫುಟ್‌ವಾಲ್ವ್ ಮೇಲೆ ಬಂದಿರ್ತದೆ. ನೀರಿಲ್ಲದಾಗ ಪಂಪಿಗೆ ಭಾರ ಇರೋದಿಲ್ಲ, ಆಂಪಿಯರ್ ಕಡಿಮೆ ಆಗುತ್ತೆ, ರಿಲೇ ಅದನ್ನೇ ಹಿಡಿಯುತ್ತೆ. ನೀರು ಚೆನ್ನಾಗಿ ಬೀಳುವಾಗಿನ ಆಂಪಿಯರ್ ಅಳೆದು, ಅದರ ಮುಕ್ಕಾಲು ಭಾಗದ ಆಸುಪಾಸು ಸೆಟ್ ಮಾಡಿಸಿ. ಟ್ರಿಪ್ ಆದ ಮೇಲೆ ಬೋರ್‌ನಲ್ಲಿ ನೀರು ಕೂಡೋಕೆ ಅರ್ಧ ತಾಸಾದರೂ ಬಿಡಬೇಕು.

ಅಂಗಡಿಯವರು ಗಡಿಯಾರದ ಟೈಮರ್ ಕೊಟ್ಟರೆ ಮೊದಲು ಬ್ಯಾಟರಿ ಇದೆಯಾ ಕೇಳ್ರಿ. ಇಲ್ಲದಿದ್ದರೆ ಕರೆಂಟ್ ಹೋದಾಗ ಅದೂ ನಿಲ್ಲುತ್ತೆ, ಎರಡು ದಿನದಲ್ಲಿ ಹಗಲು ರಾತ್ರಿ ಉಲ್ಟಾ. ಪಾಳಿ ಬದಲಾಗೋ ನಮ್ಮ ಕಡೆಗೆ, ಮೋಟರ್ ಇಷ್ಟು ತಾಸು ಓಡಿದ ಮೇಲೆ ಬಂದ್ ಆಗಲಿ ಅನ್ನೋ ಟೈಮರ್ ಹೆಚ್ಚು ಹೊಂದುತ್ತೆ.

ಡ್ರಿಪ್‌ಗೆ ಗೊಬ್ಬರ ಬಿಡೋ ಸಣ್ಣ ಕರೆಂಟ್ ಪಂಪ್ ಇದ್ದವರು ಇನ್ನೊಂದು ಮಾತು ನೆನಪಿಡಬೇಕು. ಈಜುಕೊಳಗಳಲ್ಲಿ ಉಪ್ಪಿನಿಂದ ಕ್ಲೋರಿನ್ ಮಾಡೋ ಯಂತ್ರವನ್ನ ನೀರು ಹರಿಯುವಾಗ ಮಾತ್ರ ಚಾಲೂ ಆಗೋ ಹಂಗೆ ಜೋಡಿಸ್ತಾರೆ. ಇಲ್ಲೂ ಅದೇ ನಿಯಮ. ಗೊಬ್ಬರದ ಪಂಪಿಗೆ ಬೇರೆ ಟೈಮರ್ ಬೇಡ, ದೊಡ್ಡ ಮೋಟರ್‌ನ ಕಾಂಟ್ಯಾಕ್ಟರ್ ಎಳೆದಾಗ ಮಾತ್ರ ಅದು ಚಾಲೂ ಆಗಬೇಕು. ಮೋಟರ್ ನಿಂತು ಗೊಬ್ಬರ ಮಾತ್ರ ಹೋಗುತ್ತಿದ್ದರೆ, ಮತ್ತು ಪೈಪಿನಲ್ಲಿ ನಾನ್ ರಿಟರ್ನ್ ವಾಲ್ವ್ ಇಲ್ಲದಿದ್ದರೆ, ಆ ಯೂರಿಯಾ ನೀರು ವಾಪಸ್ ಬೋರ್‌ಗೆ ಇಳಿಯಬಹುದು. ತೋಟದ ಮನೆಯವರು ಕುಡಿಯೋದೂ ಅದೇ ಬೋರ್ ನೀರು.

ಸ್ಪೀಡ್ ಕಡಿಮೆ ಮಾಡೋ ವಿಎಫ್‌ಡಿ ಡ್ರೈವ್ ಬಗ್ಗೆಯೂ ಕೆಲವರು ಕೇಳ್ತಾರೆ. ಈಜುಕೊಳದಲ್ಲಿ ನೀರು ಅಲ್ಲಲ್ಲೇ ಸುತ್ತುತ್ತೆ, ಹಂಗಾಗಿ ವೇಗ ಅರ್ಧ ಮಾಡಿದರೆ ಕರೆಂಟ್ ಎಂಟನೇ ಒಂದು ಭಾಗಕ್ಕೆ ಇಳಿಯಬಹುದು. ಹೊಳಿಯಿಂದ ಎತ್ತರದ ಹೊಲಕ್ಕೆ ಎತ್ತುವಾಗ ಆ ಲೆಕ್ಕ ನಡೆಯೋದಿಲ್ಲ. ವೇಗ ಒಂದು ಮಟ್ಟಕ್ಕಿಂತ ಇಳಿದರೆ ನೀರು ಮೇಲೆ ಏರೋದೇ ಇಲ್ಲ.

ಈ ಕೆಲಸ ಲೈಸೆನ್ಸ್ ಇರೋ ವೈರ್‌ಮನ್ ಕೈಲೇ ಮಾಡಿಸಿ, ಡಬ್ಬಿಗೂ ಮೋಟರ್‌ಗೂ ಅರ್ಥಿಂಗ್ ಇರಲಿ. ಕೆಲಸ ಮುಗಿದ ಮೇಲೆ ಅವರು ಹೋಗೋ ಮುಂಚೆ ಒಂದು ಪರೀಕ್ಷೆ ಮಾಡಿಸಿ. ಮೇನ್ ಬಂದ್ ಮಾಡಿಸಿ ಒಂದು ಫ್ಯೂಸ್ ತೆಗೆಸಿ, ಮತ್ತೆ ಮೇನ್ ಹಾಕಿಸಿ ಐದು ನಿಮಿಷ ಕಾಯಿರಿ. ಮೂರೂ ಫ್ಯೂಸನ್ನ ಒಂದೊಂದಾಗಿ ಹಿಂಗೇ ನೋಡಿಸಿ. ಯಾವುದಾದರೂ ಒಂದರಲ್ಲಿ ಕಾಂಟ್ಯಾಕ್ಟರ್ ‘ಟಕ್’ ಅಂದರೆ ದುಡ್ಡು ಕೊಡಬ್ಯಾಡ್ರಿ, ವೈರಿಂಗ್ ಇನ್ನೂ ಸರಿಯಾಗಿಲ್ಲ.