ಗ್ರಂಥಾಲಯದಲ್ಲಿ ಝೀನ್: ಯಾರು ಬರೆದದ್ದು ಪುಸ್ತಕ?

ನಮ್ಮ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಗ್ರಂಥಾಲಯದಲ್ಲಿ ಸೂಲಗಿತ್ತಿಯರ ಬಗ್ಗೆ ಪುಸ್ತಕ ಹುಡುಕುತ್ತಿದ್ದಳು. ಅವಳ ಅಜ್ಜಿ ಊರಿನ ಎಲ್ಲ ಜಾತಿಯ ಹೆಂಗಸರಿಗೂ ಹೆರಿಗೆ ಮಾಡಿಸಿದವರು. ಮಗು ಎತ್ತಿಕೊಟ್ಟ ಮೇಲೆ ಅದೇ ಮನೆಯ ಹಿತ್ತಲಲ್ಲಿ ಕೂತು ಉಂಡವರು. ಸಿಕ್ಕಿದ್ದು ಜನಪದ ವೈದ್ಯದ ಒಂದು ಸಂಕಲನ. ಅದರಲ್ಲಿ ಬೇರು ನಾರುಗಳ ಹೆಸರಿತ್ತು, ಹಿತ್ತಲಿನ ಊಟ ಇರಲಿಲ್ಲ. ‘ಇದನ್ನ ಯಾರೂ ಬರ್ದಿಲ್ವಾ ಸಾರ್?’ ಅಂದಳು. ‘ನೀನೇ ಬರಿ’ ಅನ್ನೋದು ಸುಲಭ. ಯಾರು ಅಚ್ಚು ಹಾಕ್ತಾರೆ, ಬರೆದದ್ದನ್ನು ಎಲ್ಲಿ ಇಡ್ತಾರೆ ಅನ್ನುವುದಕ್ಕೂ ಉತ್ತರ ಬೇಕಲ್ಲ. ಅದನ್ನು ಹುಡುಕುವಾಗ ಸಿಕ್ಕ ಪದ ‘ಝೀನ್’.

ಇದು ಮ್ಯಾಗಝೀನ್ ಪದದ ಬಾಲ. ಬರೆದವರೇ ಚಿತ್ರ ಬಿಡಿಸಿ, ಜೆರಾಕ್ಸ್ ಮಾಡಿ, ಕೈಯಾರೆ ಹಂಚುವ ಸಣ್ಣ ಹೊತ್ತಿಗೆ. ಲಾಭ ಅದರ ಗುರಿಯಲ್ಲ. 1930ರಲ್ಲಿ ಷಿಕಾಗೋದ ವೈಜ್ಞಾನಿಕ ಕತೆಗಳ ಅಭಿಮಾನಿಗಳು ತಂದ ‘ದ ಕಾಮೆಟ್’ ಇದರ ಮೊದಲ ಮಾದರಿಗಳಲ್ಲಿ ಒಂದು. 1970ರ ದಶಕದಲ್ಲಿ ಪಂಕ್ ಸಂಗೀತದವರೂ 1990ರ ದಶಕದಲ್ಲಿ ಸ್ತ್ರೀವಾದಿ ಹುಡುಗಿಯರೂ ಜೆರಾಕ್ಸ್ ಯಂತ್ರವನ್ನೇ ಅಚ್ಚುಕೂಟ ಮಾಡಿಕೊಂಡರು. ಅದಕ್ಕೂ ಮೊದಲು, 1926ರಲ್ಲಿ, ಹಾರ್ಲೆಮ್‌ನ ಕಪ್ಪು ಲೇಖಕರಾದ ವ್ಯಾಲೆಸ್ ಥರ್ಮನ್, ಝೋರಾ ನೀಲ್ ಹರ್ಸ್ಟನ್, ಲ್ಯಾಂಗ್‌ಸ್ಟನ್ ಹ್ಯೂಸ್ ಮುಂತಾದವರು ಸೇರಿ ‘ಫೈರ್!!’ ತಂದಿದ್ದರು. ಒಂದೇ ಸಂಚಿಕೆಗೆ ನಿಂತುಹೋದ ಆ ಪತ್ರಿಕೆಯ ಮಾತು ಇವತ್ತಿಗೂ ನಿಂತಿಲ್ಲ.

ಇಂಥವು ಗ್ರಂಥಾಲಯದ ಒಳಗೆ ಬಂದದ್ದು ತಡವಾಗಿ. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಗ್ರಂಥಾಲಯ 2003ರಿಂದ ಮಹಿಳೆಯರ, ಅದರಲ್ಲೂ ಬಿಳಿಯರಲ್ಲದ ಮಹಿಳೆಯರ ಝೀನ್‌ಗಳನ್ನು ಕೂಡಿಡುತ್ತ ಬಂದಿದೆ. ಸಾಧ್ಯವಾದರೆ ಎರಡು ಪ್ರತಿ: ಒಂದು ಓದುಗರ ಕೈಗೆ, ಇನ್ನೊಂದು ಸಂರಕ್ಷಣೆಗೆ. ಬೇರೆ ಪುಸ್ತಕಗಳ ಹಾಗೆ ಅವಕ್ಕೂ ಗ್ರಂಥಸೂಚಿಯಲ್ಲಿ ಜಾಗ ಉಂಟು. ಈ ಕಾಲೇಜಿರುವುದು ಕೊಲಂಬಿಯಾ ವಿಶ್ವವಿದ್ಯಾಲಯದ ಎದುರಿಗೆ, ರಸ್ತೆಯ ಆಚೆ. 1913ರಿಂದ 1916ರವರೆಗೆ ಅಂಬೇಡ್ಕರ್ ಓದಿದ್ದು ಅದೇ ಕೊಲಂಬಿಯಾದಲ್ಲಿ. ಮರಳಿ ಬಂದ ಅವರು 1920ರ ಜನವರಿ 31ರಂದು ‘ಮೂಕನಾಯಕ’ ಶುರು ಮಾಡಿದಾಗ, ದುಡ್ಡು ಕೊಡುತ್ತೇವೆಂದರೂ ಪುಣೆಯ ‘ಕೇಸರಿ’ ಅದರ ಜಾಹೀರಾತು ಹಾಕಲಿಲ್ಲ. ‘ಮೂಕನಾಯಕ’ವನ್ನಾಗಲಿ, ನಮ್ಮ ದಲಿತ ಚಳವಳಿಯ ‘ಪಂಚಮ’ವನ್ನಾಗಲಿ ಝೀನ್ ಅಂತ ಕರೆಯಬೇಕಾಗಿಲ್ಲ. ಆದರೆ ಬೇರೆಯವರ ಪುಟದಲ್ಲಿ ಜಾಗ ಸಿಗದಿದ್ದಾಗ ನಮ್ಮ ಪುಟ ನಾವೇ ಮಾಡಿಕೊಳ್ಳುವುದು ನಮಗೆ ಪರದೇಶದಿಂದ ಬರಬೇಕಾದ ವಿದ್ಯೆಯಲ್ಲ.

ಮಾಡೋದು ಹೇಗೆ? ಒಂದು ಎ-4 ಹಾಳೆಯನ್ನು ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಎರಡು ಸಲ ಮಡಿಸಿ ಬಿಚ್ಚಿದರೆ ಎಂಟು ಮನೆ ಕಾಣುತ್ತವೆ. ಈಗ ಅಡ್ಡಕ್ಕೆ ಅರ್ಧ ಮಡಿಸಿ, ಮಡಿಕೆಯ ಕಡೆಯಿಂದ ನಡುಗೆರೆಯ ಮೇಲೆ ಒಂದು ಮನೆಯಷ್ಟು ಕತ್ತರಿಸಿ. ಬಿಚ್ಚಿ, ಉದ್ದಕ್ಕೆ ಮಡಿಸಿ, ಎರಡು ತುದಿಗಳನ್ನು ಒಳಕ್ಕೆ ಒತ್ತಿದರೆ ಎಂಟು ಪುಟದ ಹೊತ್ತಿಗೆ. ಪೆನ್ಸಿಲ್ಲಿನಲ್ಲಿ ಪುಟಸಂಖ್ಯೆ ಹಾಕಿಕೊಂಡು, ಆಮೇಲೆ ಕಪ್ಪು ಪೆನ್ನಿನಲ್ಲಿ ಬರೆಯಿರಿ. ಜೆರಾಕ್ಸಿನಲ್ಲಿ ಅಂಚು ಕತ್ತರಿಸಿ ಹೋಗುತ್ತದೆ, ಸುತ್ತ ಜಾಗ ಬಿಡಿ. ಬರಹವೆಲ್ಲ ಹಾಳೆಯ ಒಂದೇ ಮಗ್ಗುಲಲ್ಲಿರುವುದರಿಂದ ಪ್ರತಿಗೆ ಒಂದೇ ಜೆರಾಕ್ಸಿನ ಖರ್ಚು.

ಗ್ರಂಥಾಲಯದ ಕೆಲಸವೂ ದೊಡ್ಡದಲ್ಲ. ಒಂದು ಮೇಜು, ಕತ್ತರಿ, ಗೋಂದು, ಹಳೇ ಪತ್ರಿಕೆಗಳು, ವಾರಕ್ಕೊಂದು ಮಧ್ಯಾಹ್ನ. ಕರ್ನಾಟಕದ ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಅವುಗಳ ಹೆಸರು ‘ಅರಿವು ಕೇಂದ್ರ’. ಅಲ್ಲಿ ಇದು ಖಂಡಿತ ಆಗುವ ಕೆಲಸ. ಆದರೆ ಮೊದಲು ಕೇಳಬೇಕಾದ್ದು, ಕೇರಿಯ ಮಕ್ಕಳು ಆ ಮೇಜಿನ ಮುಂದೆ ಹೆದರದೆ ಕೂರಬಹುದೇ ಅಂತ. ಕೂತ ಮೇಲೆ ಮೂರು ಎಚ್ಚರಗಳಿರಲಿ. ಕೇರಿಯ ಮಾತನ್ನು ‘ಶುದ್ಧ’ ಕನ್ನಡಕ್ಕೆ ತಿದ್ದಬೇಡಿ. ಅಕ್ಷರ ಬಾರದ ಹಿರಿಯರು ಹೇಳಲಿ, ಬರೆದುಕೊಂಡವರು ಅವರಿಗೇ ಓದಿ ಹೇಳಿ ಒಪ್ಪಿಗೆ ಪಡೆಯಲಿ. ಹೆಸರು ಹಾಕುವುದು, ಬಿಡುವುದು, ಹಂಚದೆ ಮನೆಗೆ ಒಯ್ಯುವುದು ಬರೆದವರಿಗೇ ಬಿಟ್ಟದ್ದು. ಹಳ್ಳಿಯಲ್ಲಿ ಸತ್ಯ ಬರೆದವರು ನಾಳೆಯೂ ಅದೇ ಬೀದಿಯಲ್ಲಿ ನಡೆಯಬೇಕು.

ನಮ್ಮ ವಿದ್ಯಾರ್ಥಿನಿ ಅಜ್ಜಿಯನ್ನು ಕೂರಿಸಿಕೊಂಡು ಎಂಟು ಪುಟ ತುಂಬಿಸಿದಳು. ಕೊನೆಯ ಪುಟದಲ್ಲಿ ಹಿತ್ತಲಿನ ಚಿತ್ರ, ಒಂದು ಎಲೆ. ಗ್ರಂಥಪಾಲಕರಿಗೆ ಕೊಟ್ಟಾಗ ಅವರು ತಿರುಗಿಸಿ ನೋಡಿ, ‘ಇದಕ್ಕೆ ಬೆನ್ನೇ ಇಲ್ಲ, ನಂಬರಿನ ಚೀಟಿ ಎಲ್ಲಿ ಅಂಟಿಸ್ಲಿ?’ ಅಂದರು. ಅವರು ಕೆಟ್ಟವರಲ್ಲ. ಬೆನ್ನಿದ್ದದ್ದು ಮಾತ್ರ ಪುಸ್ತಕ ಅಂತ ಅವರಿಗೂ ನಮಗೂ ಕಲಿಸಿದ್ದಾರೆ, ಅಷ್ಟೆ. ಒಂದು ಲಕೋಟೆಯಲ್ಲಿಟ್ಟು, ಚೀಟಿಯನ್ನು ಲಕೋಟೆಗೆ ಅಂಟಿಸಿ, ಅಕ್ಸೆಷನ್ ರಿಜಿಸ್ಟರಿನಲ್ಲಿ ಹೆಸರು, ವಿಷಯ, ತಾರೀಖು ಬರೆದರೆ ಮುಗಿಯಿತು. ಹಾಗೆ ಬರೆಯದಿದ್ದರೆ ಝೀನ್ ಮಾಡಿಸುವುದು ಒಂದು ಮಧ್ಯಾಹ್ನದ ಆಟವಾಗಿಯೇ ಉಳಿಯುತ್ತದೆ. ಹತ್ತು ವರ್ಷದ ನಂತರ ಇನ್ನೊಬ್ಬ ಹುಡುಗಿ ಬಂದು ‘ಯಾರೂ ಬರ್ದಿಲ್ವಾ’ ಅಂತ ಮತ್ತೆ ಕೇಳುತ್ತಾಳೆ.

ಆ ಹೊತ್ತಿಗೆಯ ಎರಡು ಪ್ರತಿ ನನ್ನ ಚೀಲದಲ್ಲಿವೆ. ಈ ಸಲ ಲಕೋಟೆಯನ್ನೂ ಜೊತೆಗೆ ಒಯ್ಯುತ್ತೇನೆ.