ಮುಕ್ತ ತಂತ್ರಾಂಶಕ್ಕೆ ತಡೆ ನೋಟಿಸು: ಉದ್ಯಮಿಗಳು ಅರಿಯಬೇಕಾದುದು

ಗೋಕುಲ ರಸ್ತೆಯ ಕಾರ್ಖಾನೆಯಿರಲಿ, ಅಮರಗೋಳದ ಎಪಿಎಂಸಿ ಅಂಗಡಿಯಿರಲಿ, ಲೆಕ್ಕಪತ್ರದ ತಂತ್ರಾಂಶವು ಗಿಟ್‌ಹಬ್‌ನಂತಹ ತಾಣದ ಓಪನ್ ಸೋರ್ಸ್ ಕೋಡನ್ನು ಅವಲಂಬಿಸಿರಬಹುದು. ಕೃತಿಸ್ವಾಮ್ಯದ ನೋಟಿಸು ಬಂದರೆ ನ್ಯಾಯಾಲಯದ ವಿಚಾರಣೆಗೆ ಮೊದಲೇ ಆ ಕೋಡು ಮರೆಯಾಗಬಹುದು. 2020ರ ಅಕ್ಟೋಬರಿನಲ್ಲಿ ಅಮೆರಿಕದ ಧ್ವನಿಮುದ್ರಣ ಉದ್ಯಮ ಸಂಘದ ನೋಟಿಸಿನಿಂದ ತೆಗೆಯಲ್ಪಟ್ಟ ‘ಯೂಟ್ಯೂಬ್-ಡಿಎಲ್’ ನವೆಂಬರಿನಲ್ಲಿ ಮರಳಿತು.

ಅಮೆರಿಕದ 1998ರ ಕಾಯ್ದೆಯಂತೆ ಪ್ರತಿನೋಟಿಸು ಸಲ್ಲಿಸಿದಾಗ, ದೂರುದಾರರು ದಾವೆ ಹೂಡದಿದ್ದಲ್ಲಿ, 10ರಿಂದ 14 ಕೆಲಸದ ದಿನಗಳಲ್ಲಿ ಕೋಡು ಮರಳಬೇಕು. ನಮ್ಮ 2013ರ ಕೃತಿಸ್ವಾಮ್ಯ ನಿಯಮ 75ರಲ್ಲಿ, ದೂರು ಸಮರ್ಪಕವೆನಿಸಿದರೆ 36 ಗಂಟೆಗಳೊಳಗೆ ತಡೆ. 21 ದಿನಗಳಲ್ಲಿ ನ್ಯಾಯಾಲಯದ ಆದೇಶ ಬಾರದಿದ್ದರೆ ಪುನಃ ತೆರೆಯಬಹುದು.

ಅಳವಡಿಸಿದ ತಂತ್ರಾಂಶ ಕೂಡಲೇ ನಿಲ್ಲದಿದ್ದರೂ ಅದರ ದುರಸ್ತಿ ನಿಂತೀತು. ಆದುದರಿಂದ ಕೋಡಿನ ಪ್ರತಿ ಹಾಗೂ ಪರವಾನಗಿ ಪತ್ರವನ್ನು ಸದಸ್ಯರು ತಮ್ಮಲ್ಲಿಯೇ ಇರಿಸಿಕೊಳ್ಳುವುದು, ತಂತ್ರಾಂಶ ಒದಗಿಸುವವರ ಕರಾರಿನಲ್ಲಿ ಇದನ್ನು ಬರೆಯಿಸುವುದು ಲೇಸು.