ಕೆಸರಿನ ತವರು

ಆಟಿಯ ಮಳೆಯಲ್ಲಿ ನೇತ್ರಾವತಿ ಕೆಂಪಗೆ ಹರಿಯುತ್ತದೆ. ಬೇಸಿಗೆಯಲ್ಲಿ, ನೀರು ಇಳಿದ ಹೊತ್ತು, ಅದರ ಅಳಿವೆಯ ಅಂಚಿಗೆ ಕಾಲಿಟ್ಟರೆ ಕರಿಕೆಸರು, ಕೊಳೆತ ಮೊಟ್ಟೆಯ ನಾತ. ಗಾಳಿಯಾಡದ ಆ ಕೆಸರಿನೊಳಗೆ ಸೂಕ್ಷ್ಮಜೀವಿಗಳು ಎಲೆ, ಪಾಚಿಯ ಉಳಿಕೆಯನ್ನು ತಿನ್ನುತ್ತಾ ಉಪ್ಪುನೀರಿನ ಸಲ್ಫೇಟನ್ನು ಸಲ್ಫೈಡ್ ಮಾಡುತ್ತವೆ. ಅದು ಕಬ್ಬಿಣದೊಡನೆ ಕೂಡಿ ಕಪ್ಪಾಗುತ್ತದೆ. ಸರಿ, ಆ ತಿನಿಸು ಬಂದದ್ದು ಎಲ್ಲಿಂದ? ಘಟ್ಟದಿಂದಲೋ, ಕಾಂಡ್ಲಾ ಗಿಡಗಳಿಂದಲೋ, ಕಡಲಿನಿಂದಲೋ? ನದಿಮೂಲ ಕೇಳಬಾರದಂತೆ, ಕೆಸರಿನ ಮೂಲ ಕೇಳಬಹುದು.

ಉತ್ತರದ ಒಂದು ಎಳೆ ಸಿಕ್ಕಿದ್ದು ಮೆಕ್ಕೆಜೋಳದಲ್ಲಿ. ಇಂಗಾಲದಲ್ಲಿ ನೂರಕ್ಕೆ ಸುಮಾರು ಒಂದು ಪಾಲು ತುಸು ಭಾರದ್ದು, ಇಂಗಾಲ-13. ಅದರ ಪ್ರಮಾಣ ಎಲ್ಲೆಡೆ ಒಂದೇ ಅಲ್ಲವೆಂದು ಆಲ್ಫ್ರೆಡ್ ನೀರ್ 1939ರಲ್ಲೇ ತೋರಿಸಿದ್ದರು. 1953ರಲ್ಲಿ ಹಾರ್ಮನ್ ಕ್ರೇಗ್ ಗಿಡ, ಕಲ್ಲು, ಕಡಲು ಎಲ್ಲವನ್ನೂ ಅಳೆದು ಪಟ್ಟಿ ಮಾಡಿದರು. ಆದರೂ ರೇಡಿಯೊಕಾರ್ಬನ್ ಲೆಕ್ಕದಲ್ಲಿ ಹಳೆಯ ಮೆಕ್ಕೆಜೋಳದ ಕಾಳುಗಳ ವಯಸ್ಸು ಸುಮಾರು 200 ವರ್ಷ ಕಡಿಮೆ ಬರುತ್ತಿತ್ತು. ಮೆಕ್ಕೆಜೋಳ ಮತ್ತು ಕೆಲವು ಹುಲ್ಲುಗಳಲ್ಲಿ ಭಾರದ ಇಂಗಾಲ ಬೇರೆ ಗಿಡಗಳಿಗಿಂತ ಹೆಚ್ಚೆಂದು 1968ರಲ್ಲಿ ವಿಸ್ಕಾನ್ಸಿನ್‌ನ ಮಾರ್ಗರೆಟ್ ಬೆಂಡರ್ ಕಂಡರು; ವಯಸ್ಸಿನ ಲೆಕ್ಕ ತಪ್ಪುತ್ತಿದ್ದುದು ಅದರಿಂದಲೇ. ಅಷ್ಟರಲ್ಲಿ ಹವಾಯಿಯ ಕಬ್ಬಿನ ಸಂಶೋಧಕರೂ ಆಸ್ಟ್ರೇಲಿಯದ ಹ್ಯಾಚ್, ಸ್ಲಾಕ್ ಜೋಡಿಯೂ ಕಬ್ಬು ಗಾಳಿಯ ಇಂಗಾಲವನ್ನು ಬೇರೆಯದೇ ದಾರಿಯಲ್ಲಿ ಹಿಡಿಯುತ್ತದೆಂದು ಪತ್ತೆಹಚ್ಚಿಯಾಗಿತ್ತು. ಎರಡೂ ಎಳೆ ಕೂಡಿ 1971ರಲ್ಲಿ ಸ್ಮಿತ್ ಮತ್ತು ಎಪ್‌ಸ್ಟೈನ್ ಗಿಡಗಳನ್ನು ಎರಡು ಗುಂಪು ಮಾಡಿದರು. ಒಂದು ಮಾನಕಕ್ಕೆ ಹೋಲಿಸಿದರೆ ಭಾರದ ಇಂಗಾಲ ಸಾವಿರಕ್ಕೆ ಎಷ್ಟು ಕಡಿಮೆ ಎಂಬ ಅಂಕಿಯಲ್ಲಿ ಹೇಳುವುದಾದರೆ, ಭತ್ತ, ಮರಗಳು ಸುಮಾರು −27, ಕಬ್ಬು, ಮೆಕ್ಕೆಜೋಳ −13. (ಜೇನಿಗೆ ಕಬ್ಬಿನ ಸಕ್ಕರೆ ಬೆರೆಸಿದವರು ಸಿಕ್ಕಿಬೀಳುವುದೂ ಇದೇ ಲೆಕ್ಕದಲ್ಲಿ.) ಬೆಚ್ಚನೆಯ ಕಡಲಿನ ಪಾಚಿ −20ರ ಆಸುಪಾಸು. ಮೆಕ್ಸಿಕೊ ಕೊಲ್ಲಿಯ ಕೆಸರಿನಲ್ಲಿ ನದಿಬಾಯಿಂದ ಕಡಲಿನತ್ತ ಹೋದಂತೆ ಈ ಅಂಕಿ ಬದಲಾಗುವುದನ್ನು 1963ರಲ್ಲೇ ಸ್ಯಾಕೆಟ್ ಮತ್ತು ಥಾಂಪ್ಸನ್ ಗುರುತಿಸಿದ್ದರು.

2011ರ ಮಳೆಗಾಲದಲ್ಲಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಶಾಖಪಟ್ಟಣ ಕೇಂದ್ರದ ವಿ.ವಿ.ಎಸ್.ಎಸ್. ಶರ್ಮ ಮತ್ತು ಸಂಗಡಿಗರು ದೇಶದ 20ಕ್ಕೂ ಹೆಚ್ಚು ಅಳಿವೆಗಳ ನೀರಿನಲ್ಲಿ ತೇಲುವ ಕಣಗಳನ್ನು ಸೋಸಿ ಹೀಗೆ ಮೂಲ ಹುಡುಕಿದರು. ನೇತ್ರಾವತಿಯೂ ಅವುಗಳಲ್ಲೊಂದು.

ಒಂದೇ ಅಂಕಿಯನ್ನು ನಂಬಿದರೆ ಮೋಸಹೋಗುತ್ತೇವೆ. ಸಿಹಿನೀರಿನ ಪಾಚಿಯ ಅಂಕಿಯೂ ಎಷ್ಟೋ ಸಲ ಕಾಡಿನ ಎಲೆಯಂತೆಯೇ ಇರುತ್ತದೆ. ಅದಕ್ಕೇ ಸಾರಜನಕದ ಲೆಕ್ಕವನ್ನೂ ಜೊತೆಗಿಡುತ್ತಾರೆ. ಪಾಚಿಯಲ್ಲಿ ಪ್ರೋಟೀನು ಹೆಚ್ಚು, ಒಂದು ಸಾರಜನಕಕ್ಕೆ ಆರೇಳು ಇಂಗಾಲ. ನಾರು ತುಂಬಿದ ಎಲೆ, ಕಟ್ಟಿಗೆಯಲ್ಲಿ 20ಕ್ಕೂ ಮೇಲೆ.

ನೇತ್ರಾವತಿ ಕಡಲು ಸೇರುವ ಮಂಗಳೂರಿನ ಪೇಚು ಬೇರೆ. ಕುದುರೆಮುಖದ ಕಾಡು, ಉಪ್ಪಿನಂಗಡಿಯ ಅಡಿಕೆ ತೋಟ, ಬಂಟ್ವಾಳದ ಗದ್ದೆ, ತೆಂಗು, ಕಾಂಡ್ಲಾ ಎಲ್ಲವೂ −27ರ ಬಳಗವೇ. ಕಡಲಿನದ್ದೋ ನೆಲದ್ದೋ ಹೇಳಬಹುದು. ನೆಲದಲ್ಲಿ ಯಾರ ಮನೆಯದ್ದು ಎಂದರೆ ಇಂಗಾಲ ಬಾಯಿ ಬಿಡುವುದಿಲ್ಲ. ಆಗ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ನನ್ನು ಒಡೆದು ನೋಡಬೇಕು. ಹೆಡ್ಜಸ್ ಮತ್ತು ಮ್ಯಾನ್ 1979ರಲ್ಲಿ ವಾಷಿಂಗ್ಟನ್ ಕರಾವಳಿಯ ಕೆಸರಿನಲ್ಲಿ ತೋರಿಸಿದ ದಾರಿ ಅದು. ಕಟ್ಟಿಗೆ ಯಾವುದು, ಎಲೆ ಯಾವುದು ಎಂಬುದು ಅದರಿಂದ ತಿಳಿಯುತ್ತದೆ. ಅಡಿಕೆಯ ಹಾಳೆಯೋ ಕಾಡಿನ ತರಗೆಲೆಯೋ ಎಂದು ಹೆಸರು ಹಿಡಿದು ಹೇಳುವಷ್ಟು ಮಾತ್ರ ಅದೂ ಚುರುಕಲ್ಲ.